ಮೊದಲ ಹಡಗಿನ ಕಿಟ್: ಒಡಲು ತಿರುಚಿದರೆ, ಪಟ್ಟಿ ಎದ್ದರೆ ಕಾರಣ ಹುಡುಕುವುದು ಹೇಗೆ?

ಮನೆಯಲ್ಲೇ ಜೋಡಿಸುವ ಮರದ ಮಾದರಿ ಹಡಗಿನ ಕಿಟ್ ತಂದವರಲ್ಲಿ ಬಹಳಷ್ಟು ಜನ ನಿಂತುಬಿಡುವುದು ಒಂದೇ ಘಟ್ಟದಲ್ಲಿ. ಅಸ್ಥಿಪಂಜರ ಎದ್ದು ನಿಂತಿರುತ್ತದೆ. ಅದರ ಮೈ ಮುಚ್ಚುವ ತೆಳ್ಳನೆಯ ಮರದ ಪಟ್ಟಿ ಐದಾರು ಅಂಟಿಸಿ ಆಗಿರುತ್ತದೆ. ಅಷ್ಟರಲ್ಲಿ ಮೂತಿಯ, ಅಂದರೆ ಹಡಗಿನ ಮುಂತುದಿಯ, ಹತ್ತಿರ ಪಟ್ಟಿಯ ಅಂಚು ಏಳುತ್ತದೆ. ಮಧ್ಯದಲ್ಲಿ ಒಂದು ಉಬ್ಬು ಕಾಣುತ್ತದೆ. ಹಿಂದಿನಿಂದ ನೋಡಿದರೆ ಒಡಲೇ ಸ್ವಲ್ಪ ತಿರುಚಿದ ಹಾಗಿರುತ್ತದೆ. ಇನ್ನಷ್ಟು ಅಂಟು ಹಾಕಿ, ಇನ್ನಷ್ಟು ಗಟ್ಟಿಯಾಗಿ ಒತ್ತಿ ನೋಡುತ್ತಾರೆ. ಸರಿಹೋಗುವುದಿಲ್ಲ. ಪೆಟ್ಟಿಗೆ ಅಟ್ಟ ಸೇರುತ್ತದೆ.

ಹೀಗೆ ನಿಂತುಹೋದ ಹಡಗುಗಳಲ್ಲಿ ಹೆಚ್ಚಿನವನ್ನು ಉಳಿಸಬಹುದು. ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಈ ಕೆಲಸದಲ್ಲಿ ದೋಷ ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಪಟ್ಟಿಯಲ್ಲಿ ಕಂಡದ್ದರ ಬೇರು ಬಲ್ಕ್‌ಹೆಡ್‌ನಲ್ಲಿ, ಅಂದರೆ ಪಟ್ಟಿಗೆ ಆಸರೆಯಾಗುವ ಅಡ್ಡ ಹಲಗೆಯಲ್ಲಿ, ಇರುತ್ತದೆ. ಬಲ್ಕ್‌ಹೆಡ್‌ನಲ್ಲಿ ಕಂಡದ್ದರ ಬೇರು ಕೀಲ್‌ನಲ್ಲಿ, ಅಂದರೆ ಹಡಗಿನ ಬೆನ್ನೆಲುಬಿನಂಥ ಉದ್ದನೆಯ ಹಲಗೆಯಲ್ಲಿ, ಇರುತ್ತದೆ. ಆದ್ದರಿಂದ ಕಂಡ ಜಾಗಕ್ಕೆ ಕೈ ಹಾಕುವ ಮೊದಲು ಒಂದು ಹೆಜ್ಜೆ ಹಿಂದೆ ಹೋಗಿ ಅಳೆಯಬೇಕು.

ಇಲ್ಲಿ ಹೇಳುವುದೆಲ್ಲ ಎರಡು ಪದರ ಪಟ್ಟಿ ಹಾಕುವ ಕಿಟ್‌ಗಳ ಬಗ್ಗೆ. ಸ್ಪೇನ್, ಇಟಲಿಯಿಂದ ಬರುವ ಹೆಚ್ಚಿನ ಕಿಟ್‌ಗಳು ಈ ಥರದವು. ಒಳಗೆ ಪ್ಲೈವುಡ್‌ನ ಒಂದು ಉದ್ದನೆಯ ಹಲಗೆ ಇರುತ್ತದೆ, ಅದೇ ಒಳಗಿನ ಕೀಲ್. ಅದಕ್ಕೆ ಅಡ್ಡಲಾಗಿ ಕಚ್ಚುಗಳಲ್ಲಿ ಕೂರುವ ಬಲ್ಕ್‌ಹೆಡ್‌ಗಳು. ಅವುಗಳ ಮೇಲೆ ಮೊದಲ ಪದರಕ್ಕೆ ಸುಮಾರು 1.5 ಮಿ.ಮೀ. ದಪ್ಪ, 5 ಮಿ.ಮೀ. ಅಗಲದ ಬಾಸ್‌ವುಡ್ ಅಥವಾ ಲೈಮ್ ಮರದ ಪಟ್ಟಿ. ಅದರ ಮೇಲೆ ಅರ್ಧ ಮಿ.ಮೀ. ದಪ್ಪದ ವಾಲ್ನಟ್ ಅಥವಾ ಅದನ್ನು ಹೋಲುವ ಮರದ ಹೊರ ಪದರ. ಅಳತೆ ಕಿಟ್‌ನಿಂದ ಕಿಟ್‌ಗೆ ಸ್ವಲ್ಪ ಬದಲಾಗುತ್ತದೆ, ಕ್ರಮ ಇದೇ.

ಮಾದರಿ 1:64 ಪ್ರಮಾಣದ್ದಾದರೆ 1 ಮಿ.ಮೀ. ಸಂದು ಅಂದರೆ ನಿಜವಾದ ಹಡಗಿನಲ್ಲಿ ಸುಮಾರು ಆರೂವರೆ ಸೆಂ.ಮೀ. ಬಿರುಕು. ನೋಡುವವರಿಗೆ ಈ ಲೆಕ್ಕ ಗೊತ್ತಿರಬೇಕಾಗಿಲ್ಲ. ಏನೋ ಸರಿಯಿಲ್ಲ ಅಂತ ಕಣ್ಣೇ ಹೇಳಿಬಿಡುತ್ತದೆ.

ಕೀಳುವುದಕ್ಕೆ ಹೆದರಬೇಡಿ

ಕಾರಣ ಹುಡುಕುವಾಗ ಅಂಟಿಸಿದ್ದನ್ನು ಬಿಡಿಸಬೇಕಾಗುತ್ತದೆ. ಹೊಸಬರು ಹಿಂಜರಿಯುವುದು ಇಲ್ಲೇ. ಫೆವಿಕಾಲ್‌ನಂಥ ಬಿಳಿ ಅಂಟಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿನ ಮೇಲಿಟ್ಟು ಸ್ವಲ್ಪ ಹೊತ್ತು ಬಿಡಿ. ಒಣಗದ ಹಾಗೆ ಆಗಾಗ ಮತ್ತೆ ಹನಿ ಹಾಕುತ್ತಿರಿ. ಅಂಟು ಮೆತ್ತಗಾಗುತ್ತದೆ. ತೆಳ್ಳನೆಯ ಬ್ಲೇಡ್ ತೂರಿಸಿ ನಿಧಾನಕ್ಕೆ ಎಬ್ಬಿಸಿ. ಫೆವಿಕ್ವಿಕ್‌ನಂಥ ಅಂಟಾದರೆ ಅಸಿಟೋನ್ ಬೇಕು. ಈ ಎರಡು ದ್ರವಗಳೂ ಬೇಗ ಬೆಂಕಿ ಹಿಡಿಯುತ್ತವೆ. ಕಿಟಕಿ ತೆರೆದಿಡಿ, ಹತ್ತಿರ ದೀಪ, ಒಲೆ ಇರಬಾರದು.

ಅಸ್ಥಿಪಂಜರಕ್ಕೆ ಸಾಮಾನ್ಯ ಬಿಳಿ ಅಂಟೇ ಸಾಕು ಅಂತ ನಾನು ಹೇಳುವುದು ಈ ಕಾರಣಕ್ಕೇ. ನೀರು ತಡೆಯುವ ಮರೀನ್ ಜಾತಿಯ ಅಂಟು ಗಟ್ಟಿ, ಹೌದು. ಆದರೆ ಈ ಹಡಗು ನೀರಿಗಿಳಿಯುವುದಿಲ್ಲ. ಬಿಡಿಸಲು ಆಗುವ ಅಂಟು ಮೊದಲ ಕಿಟ್‌ಗೆ ಹೆಚ್ಚು ಉಪಯೋಗ.

ಸಂದನ್ನು ಓದುವುದು

ಪಟ್ಟಿಗಳ ನಡುವೆ ಸಂದು ಬಿದ್ದಿದೆಯಾ? ತುಂಬುವ ಮೊದಲು ಅದರ ಆಕಾರ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಸಂದು ಪಟ್ಟಿಯ ಉದ್ದಕ್ಕೂ ಒಂದೇ ಅಗಲಕ್ಕಿದ್ದರೆ ಮರ ಕುಗ್ಗಿದೆ. ಪಟ್ಟಿ ಒದ್ದೆಯಿದ್ದಾಗಲೇ ಅಂಟಿಸಿರಬೇಕು. ಒಂದು ತುದಿಯಲ್ಲಿ ಕೂದಲೆಳೆಯಷ್ಟಿದ್ದು ಇನ್ನೊಂದು ತುದಿಗೆ ಅಗಲವಾಗುತ್ತಾ ಹೋದರೆ ಪಟ್ಟಿಯನ್ನು ಸರಿಯಾದ ಆಕಾರಕ್ಕೆ ಕೀಸಿಲ್ಲ. ಒಂದು ಬಲ್ಕ್‌ಹೆಡ್‌ನ ಹತ್ತಿರ ಮಾತ್ರ ಬಾಯಿ ಬಿಟ್ಟಿದ್ದರೆ ಆ ಬಲ್ಕ್‌ಹೆಡ್ ತಗ್ಗಿದೆ, ಇಲ್ಲವೇ ಪಕ್ಕದ್ದು ಎತ್ತರ ಇದೆ. ಸಂದೇ ಇಲ್ಲ, ಆದರೆ ಒಂದು ಪಟ್ಟಿ ಪಕ್ಕದ್ದಕ್ಕಿಂತ ಮೇಲೆ ಕೂತು ಮೆಟ್ಟಿಲಿನ ಹಾಗೆ ಕಂಡರೆ, ಅದು ಅಗಲದ ಲೆಕ್ಕ ತಪ್ಪಿದ್ದು. ಅದರ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇನೆ. ಮೊದಲ ಕಿಟ್‌ನಲ್ಲಿ ಜಾಸ್ತಿ ಕಾಡುವುದು ಅದೇ.

ಒಡಲು ಬಾಗಿದೆ, ಅಥವಾ ತಿರುಚಿದೆ

ಇವು ಎರಡು ಬೇರೆ ಬೇರೆ ರೋಗ. ಪರೀಕ್ಷೆಯೂ ಬೇರೆ.

ಬಾಗಿದೆಯಾ ಅಂತ ನೋಡಲು ಕೀಲ್‌ನ ಮೇಲಂಚಿನ ನಡುವೆ ಮೂತಿಯಿಂದ ಹಿಂತುದಿಯವರೆಗೆ ಒಂದು ತೆಳ್ಳನೆಯ ದಾರ ಬಿಗಿಯಾಗಿ ಎಳೆದು ಕಟ್ಟಿ. ಮೇಲಿನಿಂದ ನೋಡಿದರೆ ದಾರ ಎಲ್ಲ ಕಡೆ ನಡುವೆಯೇ ಇರಬೇಕು. ಮಧ್ಯದಲ್ಲಿ ಒಂದು ಪಕ್ಕಕ್ಕೆ ಸರಿದಂತೆ ಕಂಡರೆ ಕೀಲ್ ಬಾಗಿದೆ.

ತಿರುಚಿದೆಯಾ ಅಂತ ನೋಡಲು ಮರಗೆಲಸದವರ ಹಳೆಯ ಉಪಾಯವೇ ಸಾಕು. ಎರಡು ನೇರವಾದ ಕಡ್ಡಿ ತಗೊಳ್ಳಿ. ಒಂದು ಅಡಿ ಉದ್ದ ಇರಲಿ. ಒಂದನ್ನು ಮುಂದಿನ ಬಲ್ಕ್‌ಹೆಡ್‌ನ ಎಡ ಬಲ ತುದಿಗಳ ಮೇಲೆ ಅಡ್ಡಲಾಗಿ ಇಡಿ. ಇನ್ನೊಂದನ್ನು ಕೊನೆಯ ಬಲ್ಕ್‌ಹೆಡ್ ಮೇಲೆ ಇಡಿ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಕಡ್ಡಿಗಳ ಅಂಚು ಸಮಾನಾಂತರ ಇದ್ದರೆ ಒಡಲು ನೆಟ್ಟಗಿದೆ. ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ ಕಂಡರೆ ತಿರುಚಿದೆ. ಕಡ್ಡಿ ಉದ್ದ ಇದ್ದಷ್ಟೂ ಸಣ್ಣ ತಿರುಚು ದೊಡ್ಡದಾಗಿ ಕಾಣುತ್ತದೆ. ಬರಿಗಣ್ಣಿಗೆ ಸಿಗದ ಅರ್ಧ ಮಿ.ಮೀ. ವ್ಯತ್ಯಾಸವೂ ಇದರಲ್ಲಿ ಸಿಕ್ಕಿಬೀಳುತ್ತದೆ.

ಈ ಪರೀಕ್ಷೆಯನ್ನು ಮೊದಲ ಪಟ್ಟಿ ಅಂಟಿಸುವ ಮುಂಚೆ ಒಮ್ಮೆ, ಐದಾರು ಪಟ್ಟಿ ಆದ ಮೇಲೆ ಇನ್ನೊಮ್ಮೆ ಮಾಡಿ. ಮುಂಚೆಯೇ ತಿರುಚಿದ್ದರೆ ತಪ್ಪು ಅಸ್ಥಿಪಂಜರದ್ದು. ಮುಂಚೆ ನೆಟ್ಟಗಿದ್ದು ಆಮೇಲೆ ತಿರುಚಿದರೆ ಪಟ್ಟಿ ಹಾಕಿದ ಕ್ರಮದ್ದು.

ಅಸ್ಥಿಪಂಜರದ್ದಾದರೆ ಕೀಲ್ ಹಲಗೆಯನ್ನೇ ಮೊದಲು ಅನುಮಾನಿಸಿ. ಪ್ಲೈವುಡ್‌ನ ಒಂದು ಮುಖ ಇನ್ನೊಂದಕ್ಕಿಂತ ಜಾಸ್ತಿ ತೇವ ಹೀರಿದರೆ ಬಾಗುತ್ತದೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಇರುವವರು ಮಳೆಗಾಲದಲ್ಲಿ ಅದನ್ನು ಗೋಡೆಗೆ ಒರಗಿಸಿಟ್ಟರೆ ಸಾಕು, ವಾರದಲ್ಲಿ ಆಕಾರ ಕೆಡುತ್ತದೆ. ಕಿಟ್ ಬಂದ ದಿನವೇ ಹಲಗೆಯನ್ನು ಗಾಜಿನ ಮೇಲೆ ಮಲಗಿಸಿ, ಅಡಿಯಲ್ಲಿ ಬೆಳಕು ತೂರುತ್ತದಾ ನೋಡಿ. ಬಾಗಿದ್ದರೆ ತಗ್ಗಿರುವ ಮುಖಕ್ಕೆ ಒದ್ದೆ ಬಟ್ಟೆಯಿಂದ ಸ್ವಲ್ಪ ತೇವ ಕೊಡಿ. ಎರಡು ಸಮತಟ್ಟಾದ ಹಲಗೆಗಳ ನಡುವೆ ಇಟ್ಟು ಭಾರ ಹೇರಿ, ಪೂರ್ತಿ ಒಣಗುವವರೆಗೆ ಬಿಡಿ. ಬಲ್ಕ್‌ಹೆಡ್ ಕೂರಿಸುವ ಮೊದಲು ಇದು ಸುಲಭ. ಆಮೇಲೆ ಕಷ್ಟ.

ಎರಡನೇ ಕಾರಣ ಬಿಗಿಯಾದ ಕಚ್ಚು. ಬಲ್ಕ್‌ಹೆಡ್ ಬೆರಳಿನಲ್ಲಿ ಒತ್ತಿದರೆ ಕೂರಬೇಕು. ಸುತ್ತಿಗೆ ಬೇಕಾದರೆ ಕಚ್ಚು ಕಿರಿದಾಗಿದೆ ಅಂತಲೇ ಅರ್ಥ. ಬಲವಂತವಾಗಿ ಕೂರಿಸಿದ ಒಂದೊಂದು ಬಲ್ಕ್‌ಹೆಡ್ಡೂ ಕಚ್ಚಿನ ಬಾಯನ್ನು ಚೂರು ಅಗಲಿಸುತ್ತದೆ. ಹತ್ತು ಬಲ್ಕ್‌ಹೆಡ್ ಆಗುವಷ್ಟರಲ್ಲಿ ಕೀಲ್ ಮೇಲಕ್ಕೋ ಕೆಳಕ್ಕೋ ಬಾಗಿರುತ್ತದೆ. ಅರದಿಂದ ಕಚ್ಚು ಸವರಿ, ಅಂಟಿಲ್ಲದೆ ಕೂರಿಸಿ ನೋಡಿ. ಆಮೇಲೆ ಮೂಲೆಮಟ್ಟ ಇಟ್ಟು ಕೀಲ್‌ಗೆ ಸರಿಯಾಗಿ 90 ಡಿಗ್ರಿ ಇದೆ ಅಂತ ಖಾತ್ರಿ ಮಾಡಿಕೊಂಡು ಅಂಟಿಸಿ.

ನೆಟ್ಟಗೆ ನಿಂತ ಅಸ್ಥಿಪಂಜರವನ್ನು ಹಾಗೆಯೇ ಹಿಡಿದಿಡಲು ಬಲ್ಕ್‌ಹೆಡ್‌ಗಳ ನಡುವೆ ಅಳತೆಗೆ ಕತ್ತರಿಸಿದ ಮೆದು ಮರದ ತುಂಡು ತುಂಬಿ. ಬಾಲ್ಸಾ ಒಳ್ಳೆಯದು. ಎಷ್ಟೋ ಕಿಟ್‌ಗಳ ಸೂಚನೆಯಲ್ಲಿ ಇದು ಇರುವುದಿಲ್ಲ, ಆದರೂ ಮಾಡಿ. ಸ್ವಲ್ಪ ತಿರುಚಿದ್ದರೆ ಕೈಯಲ್ಲಿ ವಿರುದ್ಧ ದಿಕ್ಕಿಗೆ ತಿರುಗಿಸಿ ಹಿಡಿದು, ಆ ಸ್ಥಿತಿಯಲ್ಲೇ ತುಂಡು ಅಂಟಿಸಿದರೆ ಒಡಲು ನೆಟ್ಟಗೆ ನಿಲ್ಲುತ್ತದೆ. ದೊಡ್ಡ ಹಡಗುಗಳಿಗೂ ಈ ಕಾಟ ತಪ್ಪಿಲ್ಲ. 1797ರಲ್ಲಿ ಬಾಸ್ಟನ್‌ನಲ್ಲಿ ನೀರಿಗಿಳಿದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಹಡಗನ್ನು 1992ರಲ್ಲಿ ರಿಪೇರಿಗೆ ಎತ್ತಿದಾಗ ಕೀಲ್ 13 ಇಂಚಿಗೂ ಜಾಸ್ತಿ ಬಾಗಿತ್ತು. ಒಡಲಿನೊಳಗೆ ಓರೆಯಾಗಿ ಹಾಕುವ ದೊಡ್ಡ ತೊಲೆಗಳನ್ನು ಮತ್ತೆ ಜೋಡಿಸಿ ಅದನ್ನು ಬಿಗಿಗೊಳಿಸಿದರು. ಒಳಗೆ ಆಸರೆ ಬೇಕು ಅನ್ನುವ ತತ್ವ ಅಲ್ಲೂ ಇದೇ.

ಇನ್ನು ಪಟ್ಟಿ ಹಾಕಿದ ಕ್ರಮ. ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದು ಪಕ್ಕಕ್ಕೆ ಹೋದರೆ ಒಡಲು ಬಾಗಿಯೇ ಬಾಗುತ್ತದೆ. ಬಗ್ಗಿಸಿ ಅಂಟಿಸಿದ ಪ್ರತಿ ಪಟ್ಟಿಯೂ ನೆಟ್ಟಗಾಗಲು ಎಳೆಯುತ್ತಿರುತ್ತದೆ. ಆ ಎಳೆತಕ್ಕೆ ಎದುರು ಪಕ್ಕದಲ್ಲೂ ಅಷ್ಟೇ ಎಳೆತ ಬೇಕು. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಹೋಗಿ. ಈಗಾಗಲೇ ಒಂದೇ ಪಕ್ಕಕ್ಕೆ ಆರೇಳು ಪಟ್ಟಿ ಹಾಕಿದ್ದು, ಕಡ್ಡಿ ಪರೀಕ್ಷೆಯಲ್ಲಿ ವ್ಯತ್ಯಾಸ 1 ಮಿ.ಮೀ.ಗಿಂತ ಕಡಿಮೆ ಇದ್ದರೆ ಎದುರು ಪಕ್ಕ ಅಷ್ಟೇ ಪಟ್ಟಿ ಹಾಕಿ ನೋಡಿ, ಬಹುಪಾಲು ಸರಿಹೋಗುತ್ತದೆ. ಮೂರು ಮಿ.ಮೀ. ದಾಟಿದ್ದರೆ ಕೀಳಿ. ಮೇಲೆ ಪಟ್ಟಿ ಹಾಕಿದಷ್ಟೂ ಆ ದೋಷ ಒಳಗೇ ಬೀಗ ಹಾಕಿಕೊಳ್ಳುತ್ತದೆ.

ಅಳೆಯುವಾಗ ಎರಡೂ ಪಕ್ಕಕ್ಕೆ ಒಂದೇ ಸ್ಕೇಲ್ ಬಳಸಿ. 1628ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಯಾನದಲ್ಲೇ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಎತ್ತಿದರು. ಅದರ ಎಡ ಬಲ ಒಂದೇ ಥರ ಇಲ್ಲ. ಅದರಲ್ಲಿ ಸಿಕ್ಕ ಅಳತೆಗೋಲುಗಳಲ್ಲಿ ಕೆಲವು ಸ್ವೀಡನ್‌ನ ಅಡಿಯವು, ಕೆಲವು ಆಮ್‌ಸ್ಟರ್‌ಡ್ಯಾಮ್‌ನ ಅಡಿಯವು. ಎರಡರ ಉದ್ದವೂ ಬೇರೆ.

ಪಟ್ಟಿ ಬಲ್ಕ್‌ಹೆಡ್ ಮೇಲೆ ಸರಿಯಾಗಿ ಕೂರುತ್ತಿಲ್ಲ

ಬಲ್ಕ್‌ಹೆಡ್‌ನ ಅಂಚು ಯಂತ್ರದಲ್ಲಿ ನೇರವಾಗಿ ಕತ್ತರಿಸಿ ಬಂದಿರುತ್ತದೆ. ಹಡಗಿನ ಮೈ ಮಾತ್ರ ಮೂತಿಯ ಕಡೆಗೂ ಹಿಂದಕ್ಕೂ ಒಳಗೆ ತಿರುಗುತ್ತಾ ಹೋಗುತ್ತದೆ. ಆ ತಿರುವಿಗೆ ತಕ್ಕಂತೆ ಅಂಚನ್ನು ಓರೆ ಕೀಸಬೇಕು. ಕೀಸದಿದ್ದರೆ ಪಟ್ಟಿ ಅಂಚಿನ ಒಂದು ಮೂಲೆಗೆ ಮಾತ್ರ ತಾಗುತ್ತದೆ. ಅಂಟು ಹಿಡಿಯುವ ಜಾಗವೇ ಇರುವುದಿಲ್ಲ. ರಾತ್ರಿ ಕ್ಲಿಪ್ ಹಾಕಿಟ್ಟದ್ದು ಬೆಳಿಗ್ಗೆ ಕ್ಲಿಪ್ ತೆಗೆದ ತಕ್ಷಣ ಟಪ್ ಅಂತ ಎದ್ದರೆ ಅಂಟನ್ನು ಬೈಯಬೇಡಿ, ಓರೆಯನ್ನು ನೋಡಿ.

ಪರೀಕ್ಷೆಗೆ ಒಂದು ಪಟ್ಟಿಯನ್ನೇ ಬಳಸಿ. ಕನಿಷ್ಠ ನಾಲ್ಕು ಬಲ್ಕ್‌ಹೆಡ್ ದಾಟುವಷ್ಟು ಉದ್ದ ಬೇಕು. ಅಂಟಿಲ್ಲದೆ ಬೆರಳಿನಿಂದ ಮೆಲ್ಲಗೆ ಹಿಡಿದು, ಹಿಂದೆ ದೀಪ ಇಟ್ಟು ನೋಡಿ. ಒಂದು ಬಲ್ಕ್‌ಹೆಡ್‌ನಲ್ಲಿ ಮಾತ್ರ ಬೆಳಕಿನ ಗೆರೆ ಕಂಡರೆ ಅದು ತಗ್ಗಿದೆ. ಪಟ್ಟಿ ಒಂದು ಬಲ್ಕ್‌ಹೆಡ್ ಮೇಲೆ ಆಡುತ್ತಾ, ಎರಡೂ ಪಕ್ಕದವುಗಳಲ್ಲಿ ಬೆಳಕು ಕಂಡರೆ ಆ ನಡುವಿನದು ಎತ್ತರ. ಎರಡನ್ನೂ ಗುರುತಿಸದೆ ಸುಮ್ನೆ ಉಜ್ಜಲು ಶುರು ಮಾಡಿದರೆ ಸರಿ ಇದ್ದದ್ದೂ ಹಾಳಾಗುತ್ತದೆ.

ಎತ್ತರ ಇದ್ದದ್ದನ್ನು ಉದ್ದನೆಯ ಕಡ್ಡಿಗೆ ಅಂಟಿಸಿದ 80 ಅಥವಾ 100 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಕಡ್ಡಿ ಯಾವಾಗಲೂ ಎರಡು ಮೂರು ಬಲ್ಕ್‌ಹೆಡ್ ಮೇಲೆ ಒಟ್ಟಿಗೆ ಓಡಬೇಕು. ತಗ್ಗಿದ್ದಕ್ಕೆ ತೆಳ್ಳನೆಯ ಪಟ್ಟಿಯ ಚೂರು ಅಂಟಿಸಿ, ಒಣಗಿದ ಮೇಲೆ ಅದನ್ನೂ ಸೇರಿಸಿ ಉಜ್ಜಿ. ತೆಗೆದದ್ದನ್ನು ಹೀಗೆ ವಾಪಸ್ ಹಾಕಬಹುದು ಅಂತ ಗೊತ್ತಿದ್ದರೆ ಉಜ್ಜುವಾಗ ಕೈ ನಡುಗುವುದಿಲ್ಲ.

ಅಂಚಿನಲ್ಲಿ ಎಷ್ಟು ಮರ ಹೋಯಿತು ಅಂತ ತಿಳಿಯಲು ಉಜ್ಜುವ ಮೊದಲು ಪೆನ್ಸಿಲ್‌ನಿಂದ ಅಂಚಿಗೆ ಪೂರ್ತಿ ಕಪ್ಪು ಬಳಿಯಿರಿ. ಕಪ್ಪು ಉಳಿದಲ್ಲಿ ಪೇಪರ್ ಇನ್ನೂ ತಾಗಿಲ್ಲ. ಮೂತಿಯ ಕಡೆಯ ಬಲ್ಕ್‌ಹೆಡ್‌ಗಳಲ್ಲಿ ಓರೆ ತುಂಬಾ ಜಾಸ್ತಿ. ಒಂದು ಮೂಲೆಯ ಕಪ್ಪು ಗೆರೆ ಕೂದಲೆಳೆಯಷ್ಟು ಉಳಿಯಬೇಕು, ಉಳಿದ ಅಂಚೆಲ್ಲ ಬಿಳಿ ಆಗಬೇಕು. ಆ ಕಪ್ಪು ಗೆರೆಯೇ ವಿನ್ಯಾಸಕಾರ ಕೊಟ್ಟ ನಿಜವಾದ ಅಳತೆ. ಅದೂ ಹೋಯಿತು ಅಂದರೆ ಒಡಲು ಅಲ್ಲಿ ತೆಳುವಾಯಿತು.

ಮೂತಿಯ ಹತ್ತಿರ ಪಟ್ಟಿಯ ಅಂಚು ಏಳುತ್ತದೆ

ಕಿತ್ತಳೆ ಹಣ್ಣಿನ ತೊಳೆ ನೋಡಿ. ನಡುವೆ ಅಗಲ, ತುದಿಗೆ ಕಿರಿದು. ಗುಂಡಗಿನ ಮೈಯನ್ನು ಮುಚ್ಚಬೇಕಾದರೆ ತೊಳೆ ಹಾಗೇ ಇರಬೇಕು. ಕಿಟ್‌ನಲ್ಲಿ ಬರುವ ಪಟ್ಟಿಗೆ ತುದಿಯಿಂದ ತುದಿಗೆ ಒಂದೇ ಅಗಲ. ಅದನ್ನು ಹಾಗೆಯೇ ಹಾಕಿದರೆ ಮೂತಿಯಲ್ಲಿ ಜಾಗ ಸಾಲದೆ ಒಂದು ಪಟ್ಟಿ ಇನ್ನೊಂದರ ಮೇಲೆ ಹತ್ತುತ್ತದೆ. ಕ್ಲಾಂಪ್ ಹಾಕಿ ಒತ್ತಿದರೆ ಅಂಚು ತಿರುಚಿ ಎದ್ದು ನಿಲ್ಲುತ್ತದೆ.

ಕಾರಣ ಇದೇನಾ ಅಂತ ಖಾತ್ರಿ ಮಾಡಿಕೊಳ್ಳಲು ಅಳತೆ ತೆಗೆಯಿರಿ. ಕಾಗದದ ಪಟ್ಟಿಯನ್ನು ಮಧ್ಯದ ಬಲ್ಕ್‌ಹೆಡ್‌ಗೆ ಡೆಕ್ ಮಟ್ಟದಿಂದ ಕೀಲ್‌ವರೆಗೆ ಸುತ್ತಿ ಗುರುತು ಹಾಕಿ. 90 ಮಿ.ಮೀ. ಬಂತು ಅಂತಿಟ್ಟುಕೊಳ್ಳೋಣ. 5 ಮಿ.ಮೀ. ಪಟ್ಟಿಯಾದರೆ 18 ಪಟ್ಟಿ ಬೇಕು. ಈಗ ಮೂತಿಯ ಹತ್ತಿರದ ಬಲ್ಕ್‌ಹೆಡ್ ಅಳೆಯಿರಿ. ಅಲ್ಲಿ 63 ಮಿ.ಮೀ. ಇದ್ದರೆ ಅದೇ 18 ಪಟ್ಟಿ ಅಲ್ಲೂ ಹಿಡಿಸಬೇಕು. ಅಂದರೆ ಒಂದೊಂದಕ್ಕೂ ಮೂರೂವರೆ ಮಿ.ಮೀ. ಮಾತ್ರ ಜಾಗ. ಪ್ರತಿ ಪಟ್ಟಿಯ ಮುಂದಿನ ತುದಿಯನ್ನು 5ರಿಂದ ಮೂರೂವರೆಗೆ ಇಳಿಸಬೇಕು. ಎಲ್ಲಿಂದ ಇಳಿಸಲು ಶುರು ಮಾಡಬೇಕು ಅಂತ ತಿಳಿಯಲು ನಡುವಿನ ಬಲ್ಕ್‌ಹೆಡ್‌ಗಳನ್ನೂ ಹೀಗೇ ಅಳೆದು 18ರಿಂದ ಭಾಗಿಸಿ, ಪ್ರತಿ ಬಲ್ಕ್‌ಹೆಡ್ ಮೇಲೂ ಪೆನ್ಸಿಲ್ ಗುರುತು ಹಾಕಿಬಿಡಿ. ಆಮೇಲೆ ಕಣ್ಣಳತೆಯ ಕೆಲಸವೇ ಇಲ್ಲ.

ಲೆಕ್ಕ ಹಾಕಿದಾಗ ತುದಿಯ ಅಗಲ ಪಟ್ಟಿಯ ಅರ್ಧಕ್ಕಿಂತ ಕಡಿಮೆ ಬಂದರೆ, ಅಂದರೆ ಎರಡೂವರೆಗಿಂತ ಕೆಳಗೆ ಹೋದರೆ, ಅಷ್ಟು ಚೂಪು ಮಾಡಬೇಡಿ. ಆ ತುದಿ ಅಂಟಿಸುವಾಗಲೇ ಮುರಿಯುತ್ತದೆ. ನಿಜವಾದ ಹಡಗುಗಳಲ್ಲಿ ಹೀಗಿದ್ದಾಗ ಒಂದು ಪಟ್ಟಿಯನ್ನು ಮೂತಿಗೆ ಮುಂಚೆಯೇ ನಿಲ್ಲಿಸಿ, ಪಕ್ಕದ ಪಟ್ಟಿಯಲ್ಲಿ ಅದರ ತುದಿ ಕೂರುವಷ್ಟು ಕಚ್ಚು ಮಾಡುತ್ತಿದ್ದರು. ಎರಡು ಪಟ್ಟಿ ಸೇರಿ ಒಂದಾಗುತ್ತಿತ್ತು. ನೀವೂ ಅದನ್ನೇ ಮಾಡಿ.

ಹಿಂತುದಿಯಲ್ಲಿ ಇದರ ಉಲ್ಟಾ ಆಗುವುದೂ ಉಂಟು. ಅಲ್ಲಿ 99 ಮಿ.ಮೀ. ಅಳತೆ ಬಂದರೆ 18 ಪಟ್ಟಿ ಹಾಕಿದ ಮೇಲೂ 9 ಮಿ.ಮೀ. ಖಾಲಿ. ಪಟ್ಟಿಗಳನ್ನು ಎಳೆದು ಹರಡಲು ಹೋಗಬೇಡಿ. ಅವು ಹೇಗೆ ಬೇಕೋ ಹಾಗೆ ಸಹಜವಾಗಿ ಮಲಗಲಿ. ನಡುವೆ ಉಳಿದ ಸಂದಿಗೆ ಬೆಣೆ ಆಕಾರದ ತುಂಡು ಕತ್ತರಿಸಿ ಕೂರಿಸಿ.

ಅಗಲ ಸರಿ ಮಾಡಿದ ಮೇಲೂ ಅಂಚು ಏಳುತ್ತಿದ್ದರೆ ಪಟ್ಟಿಯನ್ನು ಅದರ ಅಂಚಿನ ದಿಕ್ಕಿಗೆ ಬಲವಂತವಾಗಿ ಬಗ್ಗಿಸುತ್ತಿದ್ದೀರಿ ಅಂತ ಅರ್ಥ. ಚಪ್ಪಟೆ ಮುಖದ ಕಡೆಗೆ ಪಟ್ಟಿ ಸುಲಭವಾಗಿ ಬಗ್ಗುತ್ತದೆ, ಅಂಚಿನ ಕಡೆಗೆ ಬಗ್ಗುವುದಿಲ್ಲ. ಪಟ್ಟಿಯನ್ನು ತೇವ ಮಾಡಿ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿ. ಅಂಚಿನ ಕಡೆಗೆ ಬೇಕಾದಷ್ಟು ಎಳೆದು, ಏಳದಂತೆ ಮೇಲಿನಿಂದ ಕ್ಲಾಂಪ್ ಹಾಕಿ. ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಕೊಡಿ. ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿದರೆ ಆ ತಿರುವು ಉಳಿದಿರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಗ್ಗಿಸಿ, ಬಿಚ್ಚಿದಾಗ ಚೂರು ವಾಪಸ್ ಹೋಗುತ್ತದೆ.

ಮೂತಿ ಎಷ್ಟು ದುಂಡಗಿದೆ ಅನ್ನುವುದರ ಮೇಲೆ ಈ ಕಷ್ಟ ನಿಂತಿದೆ. 18ನೇ ಶತಮಾನದ ಇಂಗ್ಲಿಷ್ ಕಟ್ಟರ್‌ಗಳದ್ದು, ಅಂದರೆ ಒಂದೇ ಹಾಯಿಕಂಬದ ಹಡಗುಗಳದ್ದು, ಉಬ್ಬಿದ ಮೂತಿ. 1921ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ನೀರಿಗಿಳಿದ ಬ್ಲೂನೋಸ್‌ನಂಥ ಎರಡು ಹಾಯಿಕಂಬದ ಮೀನುಗಾರಿಕೆ ಸ್ಕೂನರ್‌ಗಳದ್ದು ಚೂಪು. ಹಾಯಿಕಂಬ ಒಂದೇ ಇದೆ ಅಂತ ಕಟ್ಟರ್ ಸುಲಭ ಅಂದುಕೊಂಡು ತಂದವರು ಮೂತಿಯಲ್ಲಿ ಬೆವರುತ್ತಾರೆ. ಅವರಿಗೆ ಇದನ್ನು ಮೊದಲೇ ಹೇಳಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಹಿಂತುದಿ ದಪ್ಪ ಆಗಿದೆ

ಇದನ್ನು ಬಹಳ ಜನ ಗಮನಿಸುವುದೇ ಚುಕ್ಕಾಣಿ ಜೋಡಿಸುವ ದಿನ. ಒಡಲು ಚೆನ್ನಾಗಿದೆ, ಚುಕ್ಕಾಣಿ ಕೂರುವ ಹಿಂದಿನ ಕಂಬಕ್ಕೆ ಬಂದಾಗ ಮಾತ್ರ ಪಟ್ಟಿ ಎರಡೂ ಪಕ್ಕ ಹೊರಗೆ ಚಾಚಿಕೊಂಡಿದೆ.

ಲೆಕ್ಕ ಸರಳ. ಒಳಗಿನ ಕೀಲ್ ಹಲಗೆ 5 ಮಿ.ಮೀ. ದಪ್ಪ. ಅದರ ಹಿಂದೆ ಬರುವ ಹೊರಗಿನ ಕಂಬವೂ 5 ಮಿ.ಮೀ. ಹಲಗೆಯ ಒಂದು ಪಕ್ಕಕ್ಕೆ ಮೊದಲ ಪದರ 1.5, ಎರಡನೇ ಪದರ 0.5, ಒಟ್ಟು 2 ಮಿ.ಮೀ. ಎರಡೂ ಪಕ್ಕ ಸೇರಿದರೆ 4. ಅಲ್ಲಿಗೆ ಒಡಲು 9 ಮಿ.ಮೀ. ಆಯಿತು, ಕಂಬ 5ರಲ್ಲೇ ಇದೆ. ಎರಡೂ ಒಂದೇ ಮಟ್ಟಕ್ಕೆ ಬರಬೇಕಾದರೆ ಹಿಂತುದಿಯಲ್ಲಿ ಹಲಗೆಯನ್ನು ಪಟ್ಟಿ ಹಾಕುವ ಮೊದಲೇ ತೆಳು ಮಾಡಬೇಕು. ಕೊನೆಯ ಬಲ್ಕ್‌ಹೆಡ್‌ನಿಂದ ಹಿಂದಕ್ಕೆ ಹೋಗುತ್ತಾ ಓರೆಯಾಗಿ ಕೀಸಿ, ತುದಿಯಲ್ಲಿ ಎರಡು ಮಿ.ಮೀ. ಉಳಿಸಿ. ಆಗಲೂ ಎರಡು ಪದರ ಸೇರಿ 6 ಆಗುತ್ತದೆ. ಉಳಿದ ಒಂದನ್ನು ಮೊದಲ ಪದರವನ್ನು ಅಲ್ಲಿ ಉಜ್ಜಿ ತೆಳು ಮಾಡಿ ತೆಗೆಯಬಹುದು.

ಮೊದಲ ಪದರ ಹಾಕಿ ಆಗಿದ್ದರೂ ದಾರಿ ಇದೆ. ಹಿಂತುದಿಯ ಎರಡು ಮೂರು ಸೆಂ.ಮೀ. ಜಾಗದಲ್ಲಿ ಮೊದಲ ಪದರವನ್ನು ಕಾಗದದಷ್ಟು ತೆಳುವಾಗುವವರೆಗೆ ಉಜ್ಜಿ. ಹೊರ ಪದರ ಹೇಗೂ ಅದನ್ನು ಮುಚ್ಚುತ್ತದೆ. ಎರಡೂ ಪದರ ಮುಗಿದಿದ್ದರೆ ಮಾತ್ರ ತಡವಾಯಿತು. ಆಗ ಒಡಲನ್ನು ಮುಟ್ಟದೆ, ಹಿಂದಿನ ಕಂಬವನ್ನೇ ಸ್ವಲ್ಪ ದಪ್ಪ ಮರದಲ್ಲಿ ಹೊಸದಾಗಿ ಮಾಡುವುದು ವಾಸಿ.

ಮೂತಿಯ ಕಂಬದ ಹತ್ತಿರವೂ ಇದೇ ಪರೀಕ್ಷೆ ಮಾಡಿ. ಪಟ್ಟಿಯ ತುದಿ ಒಳಗೆ ಕೂರಲು ಅಲ್ಲಿ ಒಂದು ಕಾಲುವೆ ಬೇಕು. ಅದಿಲ್ಲದಿದ್ದರೆ ತುದಿಗಳು ಕಂಬಕ್ಕಿಂತ ಮೇಲೆ ನಿಲ್ಲುತ್ತವೆ.

ಮೊದಲ ಪದರದ ಬಗ್ಗೆ ಒಂದು ಮಾತು. ಅದು ಚೆಂದ ಕಾಣಬೇಕಾಗಿಲ್ಲ. ಆಕಾರ ಸರಿ ಇರಬೇಕು, ಅಷ್ಟೇ. ಸಂದುಗಳಿಗೆ ಮರದ ಪುಟ್ಟಿ ತುಂಬಿ, ಉಜ್ಜಿ, ಕಣ್ಣು ಮುಚ್ಚಿಕೊಂಡು ಅಂಗೈ ಸವರಿ. ಕಣ್ಣಿಗೆ ಕಾಣದ ಉಬ್ಬು ತಗ್ಗು ಅಂಗೈಗೆ ಗೊತ್ತಾಗುತ್ತದೆ. ಪಟ್ಟಿ ಸಾಲದೆ ಬಂದರೆ ಈ ಪದರಕ್ಕೆ ನಮ್ಮಲ್ಲಿ ಸಿಗುವ ಯಾವುದೇ ನೇರ ಎಳೆಯ ಮೆದು ಮರ ಆಗುತ್ತದೆ. ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಆಗುತ್ತದೆ. ಹೊರ ಪದರಕ್ಕೆ ತೇಗದ ವೆನಿಯರ್ ಮಾತ್ರ ಬೇಡ. ತೇಗದ ಎಳೆ ಒರಟು. ಅಷ್ಟು ಚಿಕ್ಕ ಹಡಗಿನ ಮೇಲೆ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ ಕಾಣುತ್ತದೆ.

ಪಟ್ಟಿ ಮುರಿಯುತ್ತದೆ, ಒಣಗಿದ ಮೇಲೆ ಸಂದು ಬಿಡುತ್ತದೆ

ಮುರಿಯುವುದಕ್ಕೆ ಎರಡೇ ಕಾರಣ. ಒಂದು, ಎಳೆ ಓರೆಯಾಗಿ ಓಡಿರುವ ಪಟ್ಟಿ. ಪಕ್ಕದಿಂದ ನೋಡಿದರೆ ಎಳೆಗಳು ಅಂಚಿನಿಂದ ಹೊರಗೆ ಹೋಗುತ್ತಿರುತ್ತವೆ. ಅಂಥದ್ದನ್ನು ಬದಿಗಿಟ್ಟು ನೇರ ಭಾಗಕ್ಕೆ ಬಳಸಿ. ಇನ್ನೊಂದು, ನೆನೆದದ್ದು ಸಾಲದೇ ಇರುವುದು. ಮೊದಲ ಪದರದ ಪಟ್ಟಿಯನ್ನು ಬಿಸಿ ನೀರಲ್ಲಿ 15–20 ನಿಮಿಷ ಬಿಟ್ಟರೆ ಸಾಕು. ಗಂಟೆಗಟ್ಟಲೆ ನೆನೆಸಿದರೆ ಎಳೆ ಉಬ್ಬಿ ಒರಟಾಗುತ್ತದೆ.

ನೆನೆದ ಪಟ್ಟಿ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಹಾಗಾಗಿ ಒದ್ದೆ ಪಟ್ಟಿಯನ್ನು ಬಿಗಿಯಾಗಿ ಕೂರಿಸಿ ಅಂಟಿಸಿದರೆ ಒಣಗುವಾಗ ಉದ್ದಕ್ಕೂ ಸಂದು ಬಿಡುತ್ತದೆ. ನೆನೆಸಿ, ಒಡಲಿನ ಮೇಲೆ ಕ್ಲಿಪ್ ಹಾಕಿ ಆಕಾರ ಹಿಡಿಸಿ, ಒಣಗಲು ಬಿಟ್ಟು ಮಾರನೇ ದಿನ ಅಂಟಿಸಿ. ಮಂಗಳೂರಿನಲ್ಲಿ ಜುಲೈ ತಿಂಗಳಾದರೆ ಮಾರನೇ ದಿನವೂ ಒಣಗಿರುವುದಿಲ್ಲ. ಡ್ರೈಯರ್ ಬಳಸಿ. ಬೇಸಿಗೆಯ ಒಣ ಹವೆಯಲ್ಲಿ ಸಂದು ಬಿಡಬಾರದು ಅಂದರೆ ಹೊರ ಪದರವನ್ನು ಮಳೆ ನಿಂತ ಮೇಲೆ ಹಾಕುವುದು ಒಳ್ಳೆಯದು.

ವಾರ್ನಿಷ್ ಹಾಕಿದಾಗ ಕಲೆ ಕಂಡಿತು

ತೆಳ್ಳಗೆ ಬಿದ್ದ ಅಂಟಿನ ಪೊರೆ ಮರದ ರಂಧ್ರ ಮುಚ್ಚಿದೆ. ಅಲ್ಲಿ ವಾರ್ನಿಷ್ ಇಳಿಯುವುದಿಲ್ಲ, ತಿಳಿ ಬಣ್ಣದ ಕಲೆ ಉಳಿಯುತ್ತದೆ. ವಾರ್ನಿಷ್‌ಗೆ ಮೊದಲು ಟರ್ಪಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಡಲನ್ನು ಒಮ್ಮೆ ಒರೆಸಿ. ಮರ ಕಪ್ಪಾಗುತ್ತದೆ, ಅಂಟಿದ್ದಲ್ಲಿ ಕಪ್ಪಾಗುವುದಿಲ್ಲ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಒಣಗಿದ ಮೇಲೆ 240ರ ಪೇಪರ್‌ನಿಂದ ಉಜ್ಜಿ. ಅರ್ಧ ಮಿ.ಮೀ. ದಪ್ಪದ ಪದರ ಅನ್ನುವುದು ನೆನಪಿರಲಿ, ಜಾಸ್ತಿ ಉಜ್ಜಿದರೆ ಕೆಳಗಿನ ಬಿಳಿ ಮರ ಇಣುಕುತ್ತದೆ. ಫೆವಿಕ್ವಿಕ್ ಬಳಸಿದ ಜಾಗದ ಸುತ್ತ ಬಿಳಿ ಧೂಳಿನಂಥದ್ದು ಕಂಡರೆ ಅದು ಅಂಟಿನ ಆವಿ ಕೂತದ್ದು. ತೇವದ ಹವೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಜಾಸ್ತಿ.

ಡೆಕ್ ಪಟ್ಟಿಗಳ ನಡುವಿನ ಕಪ್ಪು ಗೆರೆಗೆ ಅಂಚಿಗೆ ಪೆನ್ಸಿಲ್ ಬಳಿಯುವುದು ರೂಢಿ. ಆಮೇಲೆ ಸ್ಯಾಂಡ್‌ಪೇಪರ್ ಹಾಕಿದರೆ ಗ್ರಾಫೈಟ್ ಹರಡಿ ಡೆಕ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಉಜ್ಜಬೇಡಿ. ಹೊಸ ಬ್ಲೇಡನ್ನು ನೇರವಾಗಿ ಹಿಡಿದು ಎಳೆಯ ದಿಕ್ಕಿಗೆ ಹೆರೆಯಿರಿ, ಗೆರೆ ಚೊಕ್ಕವಾಗಿ ಉಳಿಯುತ್ತದೆ.

ಹಾಯಿಕಂಬ ವಾಲಿದೆ, ಹಗ್ಗ ಸಡಿಲವಾಗಿದೆ

ಕಂಬ ಒಂದು ಪಕ್ಕಕ್ಕೆ ವಾಲಿದ್ದರೆ ಮೊದಲು ಕಂಬವನ್ನೇ ಗಾಜಿನ ಮೇಲೆ ಉರುಳಿಸಿ ನೋಡಿ. ಅದು ನೆಟ್ಟಗಿದ್ದರೆ ತಪ್ಪು ಶ್ರೌಡ್‌ಗಳದ್ದು, ಅಂದರೆ ಕಂಬವನ್ನು ಎರಡೂ ಪಕ್ಕದಿಂದ ಎಳೆದು ಹಿಡಿಯುವ ಹಗ್ಗಗಳದ್ದು. ಪಟ್ಟಿಯ ನಿಯಮವೇ ಇಲ್ಲೂ. ಬಲಕ್ಕೊಂದು ಜೊತೆ ಕಟ್ಟಿದರೆ ಎಡಕ್ಕೊಂದು ಜೊತೆ. ಹಿಂದಿನ ಕಾಲದ ನಾವಿಕರೂ ಬಲಪಕ್ಕದ ಮುಂದಿನ ಜೊತೆಯಿಂದ ಶುರು ಮಾಡಿ ಹೀಗೇ ಕಟ್ಟುತ್ತಿದ್ದರು.

ಶ್ರೌಡ್‌ಗಳು ನಡುವೆ ಸೊಂಟದಂತೆ ಒಳಗೆ ಸೆಳೆದುಕೊಂಡಿದ್ದರೆ ಅಡ್ಡ ಮೆಟ್ಟಿಲಿನ ದಾರಗಳನ್ನು ಬಿಗಿಯಾಗಿ ಎಳೆದು ಕಟ್ಟಿದ್ದೀರಿ. ಅವುಗಳನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿಲ್ಲ. ಹೊಸದಾಗಿ ಕಟ್ಟುವಾಗ ಶ್ರೌಡ್‌ಗಳ ಹಿಂದೆ ಗೆರೆ ಎಳೆದ ದಪ್ಪ ಕಾಗದ ನಿಲ್ಲಿಸಿ. ಅಗಲವೂ ತಿಳಿಯುತ್ತದೆ, ಅಂತರವೂ ತಿಳಿಯುತ್ತದೆ.

ಇನ್ನು ಕೆಲವರ ಹಡಗಿನಲ್ಲಿ ಬಿಗಿಯಾಗಿದ್ದ ಹಗ್ಗ ತಿಂಗಳು ಕಳೆದ ಮೇಲೆ ಜೋಲುತ್ತದೆ. ಆಗ ದಾರ ಯಾವುದರದ್ದು ನೋಡಿ. ಹತ್ತಿ ಅಥವಾ ಲಿನಿನ್ ದಾರ ತೇವ ಹೀರಿದಾಗ ಎಳೆ ಉಬ್ಬಿ ಉದ್ದ ಕಡಿಮೆಯಾಗುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಪಾಲಿಯೆಸ್ಟರ್ ದಾರಕ್ಕೆ ಈ ತೊಂದರೆ ಬಹಳ ಕಡಿಮೆ. ಕಿಟ್‌ನಲ್ಲಿ ಹತ್ತಿ ದಾರ ಬಂದಿದ್ದರೆ ಕೊನೆಯ ಬಿಗಿಯನ್ನು ಮಳೆಗಾಲದಲ್ಲಿ ಮಾಡಬೇಡಿ. ಕಟ್ಟುವ ಮೊದಲು ಜೇನುಮೇಣದ ಮೇಲೆ ಎಳೆಯಿರಿ, ನವಿರೆಳೆಗಳು ಕೂರುತ್ತವೆ, ತೇವವೂ ನಿಧಾನಕ್ಕೆ ಒಳಗೆ ಹೋಗುತ್ತದೆ. ಡೆಡ್‌ಐಗಳ, ಅಂದರೆ ಶ್ರೌಡ್‌ನ ಕೆಳತುದಿಯನ್ನು ಬಿಗಿ ಮಾಡುವ ತೂತುಗಳಿರುವ ದುಂಡು ಮರದ ಬಿಲ್ಲೆಗಳ, ಗಂಟಿಗೆ ತಕ್ಷಣ ಅಂಟು ಹಾಕಬೇಡಿ. ಒಂದು ವಾರ ಬಿಟ್ಟು, ಕಂಬ ನೆಟ್ಟಗಿದೆಯಾ ಅಂತ ಮುಂದಿನಿಂದಲೂ ಪಕ್ಕದಿಂದಲೂ ನೋಡಿ, ಸಡಿಲವಾದದ್ದನ್ನು ಎಳೆದು ಸರಿ ಮಾಡಿ, ಆಮೇಲೆ ಒಂದೊಂದು ಗಂಟಿಗೂ ಬಿಳಿ ಅಂಟನ್ನು ನೀರಲ್ಲಿ ತೆಳು ಮಾಡಿ ಕುಂಚದ ತುದಿಯಿಂದ ತಾಗಿಸಿ.